ಅಡ್ಡೆ ಹೊತ್ತ ಹೆಗಲು

"ಗುರುಗಳೇ, ಬೆನ್ನೆಲುಬಿಲ್ಲದ ಪ್ರಾಣಿಗಳಲ್ಲಿ ಇಡೀ ಪ್ರಾಣಿಕುಲದ ಮೂಲ ಮನೆಯಿಂದ ಮೊದಲು ಬೇರೆಯಾದದ್ದು ಯಾವುದು? ಸ್ಪಂಜೋ, ಕಡಲಲ್ಲಿ ತೇಲುವ ಬಾಚಣಿಗೆ ಜೆಲ್ಲಿಯೋ?" ಎಂದು ಶಾಂಭವಿ ಕೇಳಿದಳು. "ವಂಶವಾಹಿಗಳನ್ನು ಒಂದು ರೀತಿ ಹೋಲಿಸಿದರೆ ಸ್ಪಂಜು ಎನ್ನುತ್ತದೆ, ಇನ್ನೊಂದು ರೀತಿ ಹೋಲಿಸಿದರೆ ಜೆಲ್ಲಿ ಎನ್ನುತ್ತದೆ. ನನಗಂತೂ ಸಾಕಾಗಿಹೋಗಿದೆ. ಎರಡರಲ್ಲಿ ಒಂದನ್ನು ಪ್ರಬಂಧದಲ್ಲಿ ಬರೆದು ಕೈತೊಳೆದುಕೊಳ್ಳಲೇ?"

ಗುರುಪಾದಪ್ಪನವರು ಪ್ರಾಣಿಶಾಸ್ತ್ರ ಕಲಿಸುತ್ತಲೇ ತಲೆ ನರೆಸಿಕೊಂಡವರು. ಕೇಳಿದ್ದಕ್ಕೆ ನೇರ ಉತ್ತರ ಕೊಡುವ ಅಭ್ಯಾಸ ಅವರಿಗಿರಲಿಲ್ಲ. "ಕೂತುಕೋ ತಾಯಿ," ಎಂದರು. ಶಾಂಭವಿ ಕೂತಳು. ಬೇರೆ ದಾರಿಯೂ ಇರಲಿಲ್ಲ. ಗುರುಗಳು ಕತೆ ಶುರು ಮಾಡಿದರು.

ಒಂದೂರಲ್ಲಿ ಒಬ್ಬ ಉಪ್ಪಿನವನಿದ್ದ. ಹೆಗಲ ಮೇಲೆ ಬಿದಿರ ಅಡ್ಡೆ ಇಟ್ಟು, ಅದರ ಎರಡು ತುದಿಗೂ ಬುಟ್ಟಿ ತೂಗುಹಾಕಿ ಉಪ್ಪು ಮಾರುತ್ತಿದ್ದ. ಅವನ ಮಗಳು ಆಚೆ ಊರಿನ ಬೆಲ್ಲದವನ ಮಗನನ್ನು ಮೆಚ್ಚಿದಳು. ಆ ಹುಡುಗನೂ ಅಡ್ಡೆ ಹೊರುವವನೇ. ಹುಡುಗನನ್ನು ನೋಡಲು ಹೋದ ಹಿರಿಯರು ಅವನ ಹೆಗಲು ನೋಡಿ ಬೆಚ್ಚಿದರು. ಉಪ್ಪಿನವನ ಹೆಗಲ ಮೇಲಿದ್ದಂಥದೇ ಗಂಟು, ಅದೇ ಜಾಗದಲ್ಲಿ!

"ಶಿವಶಿವಾ, ಇದು ನಮ್ಮದೇ ರಕ್ತ," ಎಂದರು. "ಇಬ್ಬರೂ ಅಣ್ಣತಂಗಿಯಾಗುತ್ತಾರೆ, ಮದುವೆ ಎಲ್ಲಿಯದು? ನಮ್ಮೂರ ಅಂಗಡಿಯವನ ಹೆಗಲು ನುಣ್ಣಗಿದೆ, ಹುಡುಗಿಯನ್ನು ಅವನ ಮನೆಗೆ ಕೊಟ್ಟುಬಿಡೋಣ. ಅವರಿಗೂ ನಮಗೂ ಏನೇನೂ ಹೋಲಿಕೆಯಿಲ್ಲ." ಹುಡುಗಿ ಅನ್ನ ನೀರು ಬಿಟ್ಟಳು. ದಿಕ್ಕು ತೋಚದೆ ಅಪ್ಪ ಹೆಳವನನ್ನು ಕರೆಸಿದ.

ಹೆಳವನೆಂದರೆ ಎತ್ತಿನ ಮೇಲೆ ಊರೂರಿಗೆ ಬಂದು, ಅವರವರ ಮನೆತನದ ಹಿರಿಯರ ಹೆಸರುಗಳನ್ನು ಬಾಯಲ್ಲೇ ಹಾಡಿ ಹೇಳುವವನು. ಅವನು ಎತ್ತಿನಿಂದ ಇಳಿದು ಹೆಗಲ ಗಂಟು ಮುಟ್ಟಿ ನೋಡಿ ನಕ್ಕ.

"ಇದು ಬಿದಿರು ಕೊಟ್ಟದ್ದು ಯಜಮಾನರೇ, ಹೆತ್ತವರು ಕೊಟ್ಟದ್ದಲ್ಲ. ಅಡ್ಡೆ ಹೊತ್ತ ಹೆಗಲೆಲ್ಲ ಹೀಗೇ. ಒಂದೇ ಕುಲದವರು ಬಿಟ್ಟ ಊಟ ಒಂದೇ ಇರುತ್ತದೆ. ನಿಮ್ಮ ಮನೆಯಲ್ಲಿ ಏನು ಉಣ್ಣುವುದಿಲ್ಲ, ಅದನ್ನು ಹೇಳಿ."

"ಸೋರೆಕಾಯಿ ಉಣ್ಣುವುದಿಲ್ಲ. ಯಾಕೆಂದು ಯಾರಿಗೂ ಗೊತ್ತಿಲ್ಲ. ಹಿಂದಿನಿಂದ ಬಂದದ್ದು."

ಹೆಳವ ಅಂಗಡಿಯವನ ಮನೆಗೂ ಹೋಗಿ ಅದನ್ನೇ ಕೇಳಿದ. ಅಲ್ಲಿಯೂ ಸೋರೆಕಾಯಿ ಒಲೆ ಏರುವುದಿಲ್ಲ! ಅಂಗಡಿಯವನ ಮುತ್ತಜ್ಜ ಅಡ್ಡೆ ಇಳಿಸಿ ತಕ್ಕಡಿ ಹಿಡಿದಿದ್ದನಂತೆ. ಗಂಟು ಹೋಗಿತ್ತು, ಪದ್ಧತಿ ಉಳಿದಿತ್ತು. ಹೆಳವ ಎರಡೂ ಮನೆಯ ಹೆಸರುಗಳನ್ನು ಹಾಡುತ್ತ ಹೋದಾಗ ಎರಡೂ ಒಬ್ಬನೇ ಮೂಲಪುರುಷನಲ್ಲಿ ಬಂದು ನಿಂತವು.  ಹಿರಿಯರು ಅಣ್ಣನ ಮನೆಗೇ ತಂಗಿಯನ್ನು ಕೊಡಲು ಹೊರಟಿದ್ದರು.

"ಎಂಥ ಕಣ್ಣು ನೋಡು ಆ ಹೆಳವನದು!" ಎಂದು ಗುರುಗಳು ತಾವೇ ತೊಡೆ ತಟ್ಟಿಕೊಂಡರು. ಕತೆ ಕೇಳುವ ಮನಸ್ಸಿಲ್ಲದ ಶಾಂಭವಿಯೂ ಅಷ್ಟರಲ್ಲಿ ಮುಂದಕ್ಕೆ ಬಾಗಿ ಕೂತಿದ್ದಳು.

ಹೆಳವ ಬೆಲ್ಲದವನ ಮನೆಗೆ ಹೋಗಿ ನೋಡಿದರೆ ಅಲ್ಲಿ ಸೋರೆಕಾಯಿ ಪಲ್ಯವನ್ನು ಬಾಯಿ ಚಪ್ಪರಿಸಿಕೊಂಡು ತಿನ್ನುತ್ತಿದ್ದರು. ಉಪ್ಪಿನವನಿಗೆ ಹೋದ ಜೀವ ಬಂದಂತಾಯಿತು. "ಹಾಗಾದರೆ ಅವರು ದಾಯಾದಿಗಳಲ್ಲ. ಅಷ್ಟು ಹೇಳಿಬಿಡು, ನಿನ್ನ ಎತ್ತು ಹೊರುವಷ್ಟು ಜೋಳ ಕೊಡುತ್ತೇನೆ," ಎಂದ.

ಹೆಳವ ತಲೆಯಾಡಿಸಿದ. "ಹೇಳಲಾರೆ. ನಡುವೆ ಯಾರೋ ಪದ್ಧತಿ ಬಿಟ್ಟಿದ್ದರೂ ಬಿಟ್ಟಿರಬಹುದು. ನಿಮ್ಮೆಲ್ಲರ ಹಿರಿಯರು ಒಂದು ಕಾಲದಲ್ಲಿ ಹೊಳೆದಂಡೆಯ ಹಟ್ಟಿಯಲ್ಲಿದ್ದರು. ಹೊಳೆ ಉಕ್ಕಿ ಬಂದಾಗ ಒಂದೇ ಬೆಳಗಿನಲ್ಲಿ ಎಲ್ಲರೂ ದಿಕ್ಕಾಪಾಲಾದರು. ಯಾರು ಯಾರ ಒಲೆಯಿಂದ ಎದ್ದು ಹೋದರೆಂದು ತಿರುಗಿ ನೋಡುವಷ್ಟು ಹೊತ್ತೂ ಇರಲಿಲ್ಲ. ಆ ಬೆಳಗಿನಾಚೆ ನನ್ನ ಹಾಡು ಹೋಗುವುದಿಲ್ಲ."

"ನಮ್ಮ ಮನೆಯ ಅನ್ನ ಉಂಡು 'ಗೊತ್ತಿಲ್ಲ' ಎನ್ನುತ್ತೀಯಾ?" ಎಂದು ಉಪ್ಪಿನವನು ಕೂಗಾಡಿದ. ಹೆಳವ ಬರಿಗೈಯಲ್ಲಿ ಎತ್ತು ಹತ್ತಿದ.

ಊರ ಗಡಿಯಲ್ಲಿ ಹುಡುಗಿ ಅಡ್ಡ ನಿಂತಳು. "ಅಜ್ಜಾ, 'ಸಂಬಂಧವಿಲ್ಲ' ಎಂದು ಒಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?" ಎಂದು ಅತ್ತಳು.

"ನನ್ನದೇನೂ ಹೋಗುತ್ತಿರಲಿಲ್ಲ ಮಗಳೇ. ಆ ಮಾತು ನಂಬಿ ತಾಳಿಗೆ ಕೊರಳೊಡ್ಡುವವಳು ನೀನು. ಹೊಳೆಯಾಚೆ ಬೇರೆ ಹೆಳವರಿದ್ದಾರೆ, ಅವರ ಹಾಡು ಬೇರೆ. ಮನೆಮನೆ ಕೇಳಿಕೊಂಡು ಬರುತ್ತೇನೆ. ಅಲ್ಲಿಯವರೆಗೆ ಯಾರಿಗೂ ಹೂಂ ಅನ್ನಬೇಡ, ಊಹೂಂ ಅನ್ನಲೂ ಬೇಡ."

ಹುಡುಗಿ ಕಣ್ಣೊರೆಸಿಕೊಂಡು ದಾರಿ ಬಿಟ್ಟಳು. ಹೆಳವ ಹೊಳೆಯ ಕಡೆಗೆ ಹೋದ. ಅಂದಿನಿಂದ ಅವಳು ದಾರಿ ಕಾಯುತ್ತ ಕೂತಳು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಶಾಂಭವಿಗೆ ತಡೆಯಲಾಗಲಿಲ್ಲ. "ಅಯ್ಯೋ, ಆಮೇಲೆ? ಹೆಳವ ತಿರುಗಿ ಬಂದನೇ ಗುರುಗಳೇ?"

"ಅದನ್ನು ನೀನು ಹೇಳಬೇಕು ತಾಯಿ, ಸ್ಪಂಜು ಜೆಲ್ಲಿಗಳ ವಂಶ ಕೇಳುತ್ತ ಎತ್ತಿನ ಮೇಲೆ ಕೂತವಳು ನೀನಲ್ಲವೇ?"