ಪಂಪ್‌ಹೌಸ್ ಜಾಗದ ಮೊದಲ ಬೆಳೆ

ಹರಳಿಪೇಟೆಯ ಪಂಪ್‌ಹೌಸ್ ಓಣಿಯಲ್ಲಿ ಕರಿಬಸಮ್ಮ ಅಂತ ಒಬ್ಬಳು ಸೊಪ್ಪಿನವಳು. ಅವಳಿಗೆ ತಿಪ್ಪೇಶ ಅಂತ ಒಬ್ಬ ಮಗ. ವಯಸ್ಸು ಮೂವತ್ತು, ಮೈ ಎತ್ತಿನದು, ಹೇಳಿದ್ದು ಬಿಟ್ಟು ಬೇರೆ ಮಾಡಿದವನಲ್ಲ. ಅದೇ ಕಷ್ಟ. "ಒಲೆ ಮೇಲೆ ಅನ್ನ ಇಟ್ಟೀನಿ, ಕುದಿ ಬಂದರೆ ಕೂಗು" ಅಂತ ತಾಯಿ ಹೇಳಿ ಹೋದರೆ, ಕುದಿ ಬಂದಾಗ ಓಣಿಗೆಲ್ಲ ಕೇಳುವ ಹಾಗೆ ಒಂದು ಸಲ ಕೂಗಿ ಸುಮ್ಮನೆ ಕೂರುತ್ತಿದ್ದ. ಒಲೆ ಆರಿಸು ಅಂತ ಯಾರೂ ಹೇಳಿರಲಿಲ್ಲವಲ್ಲ. ಆ ಸೀದ ವಾಸನೆ ಪಕ್ಕದ ಮನೆಯ ನಾನು ಆರು ಸಲ ಕುಡಿದಿದ್ದೇನೆ. ಏಳು ಅಂದರೂ ನಡೆಯುತ್ತೆ.

"ನಿನ್ನ ಹೆತ್ತ ದಿನ ಒಂದು ಹಿಡಿ ಹರಿವೆ ಬೀಜ ಊರಿದ್ದರೆ, ಈ ಹೊತ್ತಿಗೆ ನಂದೊಂದು ತೋಟ ಆಗ್ತಿತ್ತು ಕಣೋ" ಅಂತ ಕರಿಬಸಮ್ಮ ದಿನಾ ಬೆಳಿಗ್ಗೆ ಅವನ ತಲೆಗೆ ಕುಟ್ಟುತ್ತಿದ್ದಳು.

ತೋಟ ಅಂದರೆ ಅವಳಿಗೆ ಹೊಟ್ಟೆಯೊಳಗಿನ ಉರಿ. ನಲವತ್ತು ವರ್ಷ ಬುಟ್ಟಿ ಹೊತ್ತು ಸೊಪ್ಪು ಮಾರಿದವಳು. ಅದರಲ್ಲಿ ಒಂದು ಕಟ್ಟೂ ಅವಳು ಬೆಳೆದದ್ದಲ್ಲ, ಎಲ್ಲಾ ಇನ್ನೊಬ್ಬರ ಹೊಲದ್ದು. ಕಾಲು ಊರಿ ನಿಲ್ಲೋಕೆ ಒಂದು ಮಡಿ ನೆಲ ಇರಲಿಲ್ಲ. ಆದರೆ ಮನೆ ಬಾಗಿಲು ತೆಗೆದರೆ ಎದುರಿಗೇ ಒಂದು ಎಕರೆ ಖಾಲಿ ಬಿದ್ದಿತ್ತು. ಪಂಪ್‌ಹೌಸ್ ಕೆಟ್ಟು ಇಪ್ಪತ್ತು ವರ್ಷ. ಪುರಸಭೆಯವರು ಸುತ್ತ ಗೋಡೆ ಕಟ್ಟಿ ಬೋರ್ಡು ಹಾಕಿದ್ದರು: 'ಸಾರ್ವಜನಿಕರ ಆಸ್ತಿ. ಸಾರ್ವಜನಿಕರಿಗೆ ಪ್ರವೇಶವಿಲ್ಲ.' ಒಡೆದ ಕಮೋಡಿಗೆ ಪ್ರವೇಶವಿತ್ತು. ಮದುವೆ ಮಂಟಪದ ಎಂಜಲೆಲೆಗೆ ಪ್ರವೇಶವಿತ್ತು. ಜಾಲಿಮುಳ್ಳಂತೂ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ನಮಗೆ ಮಾತ್ರ ಇಲ್ಲ.

ಅದೇ ಓಣಿಯಲ್ಲಿ ಹಾಲಮ್ಮ ಟೀಚರ್ ಅಂತ, ರಿಟೈರಾದರೂ ದನಿ ರಿಟೈರಾಗದವರು. ಅವರು ಪುರಸಭೆಗೆ ಹೋಗಿ ಮೇಜು ಕುಟ್ಟಿದರು. ಆ ಜಾಗವನ್ನು ಗುಜರಿ ಗಾಡಿ ನಿಲ್ಲಿಸೋಕೆ ಕೊಡುತ್ತಾರೆ ಅಂತ ಅಲ್ಲೇ ಗೊತ್ತಾಯಿತು. ಇನ್ನೂ ನಾಲ್ಕು ಸಲ ಕುಟ್ಟಿದರು. ಕೊನೆಗೆ ಅಧಿಕಾರಿ ಲೋಕಪ್ಪನವರು, ಮೇಜು ಉಳಿದರೆ ಸಾಕು ಅಂತ ಒಂದು ಮಾತು ಕೊಟ್ಟರು: "ಒಂದೂವರೆ ತಿಂಗಳು. ಓಣಿಯವರು ಯೋಜನೆ ಕೊಡಿ, ನೆಲದಲ್ಲಿ ಬೆಳೆ ತೋರಿಸಿ. ನಾನೇ ಬಂದು ಮಹಜರು ಬರೀತೀನಿ. ಬೆಳೆ ಇದ್ದರೆ ಐದು ವರ್ಷ ಜಾಗ ನಿಮ್ಮದು. ಇಲ್ಲದಿದ್ದರೆ ಗುಜರಿಗೆ."

ನಲವತ್ತು ಮನೆ, ನಲವತ್ತು ಮಡಿ. ಹಾಲಮ್ಮ ಟೀಚರ್ ನಕ್ಷೆ ಬರೆಯೋಕೆ ಕೂತರು. ಅಳತೆ ಬೇಕಲ್ಲ. ಕರಿಬಸಮ್ಮ ಮಗನ ಕೈಗೆ ಹಗ್ಗ ಕೊಟ್ಟಳು.

"ಈ ಗೋಡೆಯಿಂದ ಶುರು ಮಾಡು. ಎದುರಿಗೆ ಒಂದು ಗುರುತು ಇಟ್ಕೊ, ಅದು ಸಿಗೋ ತನಕ ಅಳಿ, ಹಗ್ಗಕ್ಕೊಂದು ಗಂಟು ಹಾಕು. ಸಿಗೋ ತನಕ ಬಿಡಬೇಡ."

ತಿಪ್ಪೇಶ ಎದುರಿಗೆ ನೋಡಿದ. ಒಂದು ಎಮ್ಮೆ ನಿಂತಿತ್ತು. ಕರೀದು, ದೊಡ್ಡದು, ಎಲ್ಲಿಂದ ನೋಡಿದರೂ ಕಾಣುವಂಥದು. ಅದನ್ನೇ ಗುರುತು ಇಟ್ಟುಕೊಂಡು ಅಳೆಯುತ್ತಾ ಹೋದ. ಎಮ್ಮೆಯೂ ಹೋಯಿತು. ಗೋಡೆಯ ಕಂಡಿ ದಾಟಿತು, ಮಂಟಪ ದಾಟಿತು, ಮೇನ್ ರೋಡು ದಾಟಿತು. ಇವನು ಬಿಡಲಿಲ್ಲ. ಮಧ್ಯಾಹ್ನಕ್ಕೆ ಹಗ್ಗದ ತುಂಬ ಗಂಟು ಹಾಕಿಕೊಂಡು ಬಂದ.

"ಜಾಗ ಭಾರಿ ದೊಡ್ಡದೈತೆ ಅವ್ವಾ. ಗೌಳೇರ ಕೊಟ್ಟಿಗೆ ತನಕ ನಮ್ಮದೇ."

ಟೀಚರ್ ಗಂಟು ಎಣಿಸಿ ನಕ್ಷೆ ಬರೆದೂ ಬಿಟ್ಟಿದ್ದರು. ನೋಡಿದರೆ ಬದನೆ ಮಡಿಯೊಳಗೆ ಒಂದು ಮದುವೆ ಮಂಟಪ, ಮೆಂತ್ಯದ ಪಕ್ಕ ಎರಡು ಪೆಟ್ರೋಲ್ ಬಂಕು.

"ಅಯ್ಯೋ ಮೂಳಾ" ಅಂತ ಕರಿಬಸಮ್ಮ ಪೊರಕೆ ಹುಡುಕಿದಳು. "ಓಡಾಡೋದನ್ನ ಯಾರಾದರೂ ಗುರುತು ಇಟ್ಕೊಳ್ತಾರೇನೋ? ಇನ್ಮೇಲೆ ಆ ಜಾಗದೊಳಗೆ ಮಿಸುಕಾಡೋದು ಏನು ಕಂಡರೂ ಎತ್ತಿ ಗೋಡೆ ಆಚೆ ಒಗಿ. ಮಿಸುಕದೆ ಬಿದ್ದಿರೋದು ಮಾತ್ರ ನಮ್ಮದು. ತಿಳೀತಾ?"

"ತಿಳೀತು."

ಟೀಚರ್ ತಾವೇ ಅಳೆದು ಬೇರೆ ನಕ್ಷೆ ಬರೆದರು. ಓಣಿಯವರೆಲ್ಲ ಸೇರಿ ಮುಳ್ಳು ಕಡಿದು, ಕಮೋಡು ಹೊತ್ತು ಹಾಕಿ, ಅಂಗೈಯೆಲ್ಲ ಬೊಬ್ಬೆ ಮಾಡಿಕೊಂಡು ನೆಲ ಅಗೆದರು. ಅದು ಮಣ್ಣೇ ಅಲ್ಲ, ಇಪ್ಪತ್ತು ವರ್ಷದ ಸಿಮೆಂಟು ಚೂರು. ಕೊನೆಮನೆ ಜುಬೇದಾ ಬೀ ಒಂದು ಬಕೆಟ್ಟು ಎರೆಹುಳ ತಂದು ಮಣ್ಣಿಗೆ ಸುರಿದಳು. ಎರಡು ವರ್ಷದಿಂದ ಹಿತ್ತಲ ತೊಟ್ಟಿಯಲ್ಲಿ ತರಕಾರಿ ಸಿಪ್ಪೆ ಹಾಕಿ ಸಾಕಿದ್ದಳು, ಮೊಮ್ಮಕ್ಕಳಿಗಿಂತ ಅಚ್ಚುಕಟ್ಟಾಗಿ.

"ಇವು ಮಣ್ಣು ಮಾಡ್ತಾವೆ ತಿಪ್ಪಣ್ಣ. ಸ್ವಲ್ಪ ನೋಡ್ಕೋ, ನಾನು ನಮಾಜು ಮುಗಿಸಿ ಬರ್ತೀನಿ" ಅಂದಳು.

ತಿಪ್ಪೇಶ ನೋಡಿದ. ಮಿಸುಕಾಡುತ್ತಿದ್ದವು. ಒಂದೊಂದನ್ನೇ ಹೆಕ್ಕಿದ, ಗೋಡೆ ಆಚೆ ಒಗೆದ. ಸಾವಿರವೋ ಎರಡು ಸಾವಿರವೋ, ನಾನು ಐದು ಸಾವಿರ ಅಂತ ಹೇಳುತ್ತಾ ಬಂದಿದ್ದೇನೆ. ಒಂದನ್ನೂ ಬಿಡಲಿಲ್ಲ. ಮಿಸುಕದ ಸಿಮೆಂಟು ಚೂರನ್ನೆಲ್ಲ ಜೋಪಾನವಾಗಿ ಮಡಿಗೆ ಜೋಡಿಸಿದ. ಗೋಡೆ ಆಚೆ ಓಣಿಯ ಕೋಳಿಗಳಿಗೆ ಮದುವೆ ಊಟ.

ಜುಬೇದಾ ಬೀ ಖಾಲಿ ಬಕೆಟ್ಟು ಮಡಿಲಲ್ಲಿಟ್ಟುಕೊಂಡು ಕೂತಳು. ಅದನ್ನು ನೋಡಿ ಕರಿಬಸಮ್ಮನ ಸಿಟ್ಟು ನೆತ್ತಿಗೇರಿತು.

"ಲೇ ಕಲ್ಲುಗುಂಡು, ಮಣ್ಣಿಗೆ ಸೇರಿದ್ದು ಮಣ್ಣೊಳಗೇ ಇರಬೇಕು. ಮಡಿ ಮೇಲೆ ಏನಾದರೂ ಹೊರಗೆ ಬಿದ್ದದ್ದು ಕಂಡರೆ ತೆಗೆದು ಒಗೀಬೇಡ. ಮೇಲೆ ಮಣ್ಣು ಮುಚ್ಚು, ನೀರು ಹಾಕು, ಸುಮ್ಮನಿರು."

"ಮುಚ್ತೀನಿ ಅವ್ವಾ."

ಮಾರನೆ ದಿನ ಹಾಲಮ್ಮ ಟೀಚರ್ ನಕ್ಷೆ, ಯೋಜನೆ, ನಲವತ್ತು ಮನೆಯವರ ಸಹಿ ಇದ್ದ ಮನವಿ ತಂದು ಮಡಿ ಮೇಲೆ ಹರಡಿದರು. ಯಾರ ಮಡಿ ಯಾವುದು ಅಂತ ನೆಲಕ್ಕೂ ಕಾಗದಕ್ಕೂ ತಾಳೆ ನೋಡಿ ಗೂಟ ಹೊಡೆಯಬೇಕಿತ್ತು. ಗೂಟ ತರಲು ಮನೆಗೆ ಹೋದರು. ಬಂದಾಗ ಕಾಗದ ಇಲ್ಲ. ತಿಪ್ಪೇಶ ಇದ್ದಾನೆ, ಕೈಯಲ್ಲಿ ಖಾಲಿ ಕೊಡ ಇದೆ, ಮಡಿ ಒದ್ದೆಯಾಗಿದೆ.

ಅಗೆದು ತೆಗೆದರು. ಸಹಿಗಳೆಲ್ಲ ಒಂದರೊಳಗೊಂದು ಹರಿದು, ನಲವತ್ತು ಮನೆ ಸೇರಿ ಒಂದೇ ನೀಲಿ ಕೆರೆಯಾಗಿತ್ತು.

ಟೀಚರ್ ಹಲ್ಲು ಕಚ್ಚಿ ಮತ್ತೆ ಬರೆದರು. ಮನೆ ಮನೆಗೆ ಹೋಗಿ ಮತ್ತೆ ಸಹಿ ಹಾಕಿಸಿದರು. ಸೀದಾ ಪುರಸಭೆಗೆ ಒಯ್ದು ಸೀಲು ಹಾಕಿಸಿಕೊಂಡು ಬಂದರು. ಕರಿಬಸಮ್ಮ ಆ ಸೀಲನ್ನು ಮಗನ ಮೂಗಿನ ಹತ್ತಿರ ಹಿಡಿದಳು.

"ನೋಡು, ಕೆಲಸ ಅಂದರೆ ಇದು. ಈ ಜಾಗಕ್ಕೆ ಅಂತ ಏನೇ ತಯಾರಾದರೂ, ಒಂದು ತೊಟ್ಟು ನೀರು ಸೋಕಿಸದೆ, ಸೀದಾ ಪುರಸಭೆಗೆ ಒಯ್ದು ಸೀಲು ಹಾಕಿಸಬೇಕು. ಆಯ್ತಾ?"

"ಆಯ್ತು."

ಈಗ ನಗು ಸಾಕು ಮಾಡಿ. ಮುಂದಿನದು ಹೇಳುವಾಗ ನನಗೆ ಇವತ್ತಿಗೂ ಮೈ ಕಾಯುತ್ತೆ.

ಈ ಗಲಾಟೆಯ ನಡುವೆಯೇ ಓಣಿಯವರು ಸಸಿ ಬೆಳೆಸುತ್ತಿದ್ದರು. ಹಾಲಿನ ಪ್ಯಾಕೆಟ್ಟಿನಲ್ಲಿ, ತೆಂಗಿನ ಚಿಪ್ಪಿನಲ್ಲಿ, ಒಡೆದ ಬೋಗುಣಿಯಲ್ಲಿ. ಕಿಟಕಿ, ಮೆಟ್ಟಿಲು, ಮಾಡಿನ ಹೆಂಚು, ಎಲ್ಲಿ ಬಿಸಿಲು ಬಿದ್ದರೆ ಅಲ್ಲಿ. ಬದನೆ, ಟೊಮೆಟೊ, ಮೆಣಸು, ಒಟ್ಟು ಆರುನೂರು ಸಸಿ. ಕರಿಬಸಮ್ಮ ತನ್ನ ಬದನೆ ಸಸಿಗಳಿಗೆ ಬಾಯಲ್ಲಿ ನೀರು ತುಂಬಿಕೊಂಡು ತುಂತುರು ಹಾಕುತ್ತಿದ್ದಳು, ಕೊಡದಿಂದ ಹಾಕಿದರೆ ನೋಯುತ್ತೆ ಅಂತ. ಗುರುವಾರ ಸಂಜೆ ನೆಡೋದು ಅಂತ ಎಲ್ಲ ತಂದು ತಳ್ಳುಗಾಡಿಯ ಮೇಲೆ ಇಟ್ಟರು. ಬಿಸಿಲು ಇಳಿಯಲಿ ಅಂತ ಒಳಗೆ ಹೋದರು.

ಜಾಗಕ್ಕೆ ಅಂತ ತಯಾರಾದದ್ದು. ತಿಪ್ಪೇಶ ಗಾಡಿ ತಳ್ಳಿಕೊಂಡು ಪುರಸಭೆಗೆ ಹೋದ.

ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ. "ಏನಿದು?"

"ಪಂಪ್‌ಹೌಸ್ ಜಾಗದ್ದು. ಸೀಲು ಹಾಕ್ರಿ."

ಬೇರೆ ಯಾರಾದರೂ ಆಗಿದ್ದರೆ ನಕ್ಕು ವಾಪಸ್ ಕಳಿಸುತ್ತಿದ್ದರು. ಈತ ನಗಲಿಲ್ಲ. ತಳ್ಳುಗಾಡಿಗೆ ಒಂದು ಚೀಟಿ ಕಟ್ಟಿದ, ಚೀಟಿಗೆ ಸೀಲು ಹೊಡೆದ, ಆರುನೂರು ಸಸಿಯನ್ನೂ ಕಡತಗಳ ಕೋಣೆಗೆ ಹೊರಿಸಿದ, ಬೀಗ ಹಾಕಿದ. ಕಿಟಕಿ ಇಲ್ಲದ ಕೋಣೆ.

ಕರಿಬಸಮ್ಮ, ಟೀಚರ್, ಜುಬೇದಾ ಬೀ ಮೂವರೂ ಓಡಿದರು.

"ಒಳಗೆ ಬಂದ ವಸ್ತು" ಅಂದ ಗುಮಾಸ್ತ. "ಲೋಕಪ್ಪ ಸಾಹೇಬರು ನೋಡಿ ಸಹಿ ಹಾಕಿದ ಮೇಲೆ ಹೊರಗೆ. ಸಾಹೇಬರು ರಜಾ. ಸೋಮವಾರ ಬನ್ನಿ."

"ಸತ್ತು ಹೋಗ್ತಾವೆ ಕಣಪ್ಪ. ನೀರಾದರೂ ಹಾಕೋಕೆ ಬಿಡು."

"ಕಡತದ ಕೋಣೇಲಿ ನೀರು ಹಾಕ್ತಾರೇನಮ್ಮ? ಸ್ವಲ್ಪ ಬುದ್ಧಿ ಬೇಡ್ವಾ?"

ಬುದ್ಧಿ ಬೇಡ್ವಾ ಅಂತ ಅವನು ಕೇಳಿದ. ತಿಪ್ಪೇಶ ಪೆದ್ದ, ನಾನು ಒಪ್ಪುತ್ತೇನೆ. ಆದರೆ ತಿಪ್ಪೇಶನಿಗೆ ಅದಕ್ಕೆ ಸಂಬಳ ಬರುತ್ತಿರಲಿಲ್ಲ.

ಶುಕ್ರವಾರ ಹೋದರು, ಬೀಗ. ಶನಿವಾರ ಹೋದರು, ಬೀಗ. ಭಾನುವಾರ ಕರಿಬಸಮ್ಮ ಒಬ್ಬಳೇ ಹೋಗಿ ಆ ಕೋಣೆಯ ಹೊರಗೋಡೆಗೆ ಒಂದು ಕೊಡ ನೀರು ಹೊಯ್ದು ಬಂದಳು. ಕಾವಲಿನವನು ಬೈದು ಅಟ್ಟಿದ. ಸೋಮವಾರ ಸಹಿ ಆಯಿತು, ಬಾಗಿಲು ತೆಗೆದರು. ಆರುನೂರು ಕಡ್ಡಿ. ಹುಲ್ಲಾದರೂ ಹಸಿರಿರುತ್ತೆ.

ಮರುದಿನ ಮಂಗಳವಾರ, ಮಹಜರು. ನೆಲ ಬೋಳು.

ಕರಿಬಸಮ್ಮ ಮನೆಗೆ ಬಂದು, ಒಣಗಿದ ಒಂದು ಬದನೆ ಸಸಿ ಹಿಡಿದು ಮಗನ ಮುಂದೆ ನಿಂತಳು. ಈ ಸಲ ಪೊರಕೆ ಹುಡುಕಲಿಲ್ಲ.

"ನಲವತ್ತು ವರ್ಷ ಕಾದೆ ಕಣೋ. ಅದನ್ನ ತಗೊಂಡು ಹೋಗಿ ಆ ಕಚೇರಿಯವರ ಕೈಗೆ ಕೊಟ್ಟೆ. ತಲೆ ಬಗ್ಗಿಸಿ ಬಾಡಿದ್ದು ಕಂಡರೆ ಸೀಲು ಗೀಲು ಅಂತ ಕೇಳ್ತಾ ಕೂರಬಾರದು. ಆ ಕಚೇರಿಯಿಂದ ಏನೇ ಬಾಡಿ ಬಂದರೂ ಮೊದಲು ಗುಂಡಿಗೆ ಇಳಿಸಬೇಕು. ಸೊಂಟದ ತನಕ ಮಣ್ಣು ಏರಿಸಬೇಕು. ಕೋಲು ಕೊಟ್ಟು ಕಟ್ಟಬೇಕು. ಎರಡು ಕೊಡ ನೀರು ಹೊಯ್ಯಬೇಕು. ಅಷ್ಟು ಮಾಡಿದ್ದರೆ ಒಂದಾದರೂ ಬದುಕ್ತಿತ್ತು."

"ಮಾಡ್ತೀನಿ ಅವ್ವಾ" ಅಂದ ತಿಪ್ಪೇಶ. ಅವನ ಕಣ್ಣಲ್ಲೂ ನೀರಿತ್ತು. ಇದು ಸುಳ್ಳಲ್ಲ.

ಮಂಗಳವಾರ ಬೆಳಿಗ್ಗೆ ಓಣಿಯವರೆಲ್ಲ ಹಾರ ಹಿಡಿದುಕೊಂಡು ಮೇನ್ ರೋಡಿನಲ್ಲಿ ಕಾಯುತ್ತಿದ್ದರು. ಬೆಳೆ ಇಲ್ಲದಿದ್ದರೂ ಕೈಕಾಲು ಹಿಡಿದು ಇನ್ನೊಂದು ವಾರ ಕೇಳೋಣ ಅಂತ. ಲೋಕಪ್ಪನವರು ಹಿಂದಿನ ಸಂದಿಯಿಂದ ಬಂದರು. ಖಾಲಿ ಅಂತ ಬರೆದು, ಯಾರ ಮುಖವನ್ನೂ ನೋಡದೆ ಹೋಗಿಬಿಡುವ ಆಸೆ. ಜೊತೆಗಿದ್ದ ಜವಾನನನ್ನು ಎಳನೀರಿಗೆ ಅಟ್ಟಿದ್ದರು. ಬಿಸಿಲಿಗೆ ಬೆವರಿ, ತಲೆ ಬಗ್ಗಿಸಿ, ಕಾಲೆಳೆಯುತ್ತಾ ಒಳಗೆ ಬಂದರು. ಅಲ್ಲಿ ಗೊಬ್ಬರದ ಗುಂಡಿ ಇತ್ತು. ಗುಂಡಿಯ ಪಕ್ಕ ತಿಪ್ಪೇಶ ಇದ್ದ.

"ಯಾರಯ್ಯ ನೀನು? ನಾನು ಕಚೇರಿಯಿಂದ ಬಂದಿದ್ದೀನಿ. ಅಬ್ಬಾ, ಬಾಡಿ ಹೋದೆ."

ತಿಪ್ಪೇಶ ಒಂದೇ ಎತ್ತಿಗೆ ಎತ್ತಿ ಗುಂಡಿಗೆ ಇಳಿಸಿದ. ಸೊಂಟದ ತನಕ ಮಣ್ಣು ಏರಿಸಿದ, ತುಳಿದು ಗಟ್ಟಿ ಮಾಡಿದ. ಬೆನ್ನಿಗೆ ಕೋಲು ಕೊಟ್ಟು ಬಾಳೆನಾರಲ್ಲಿ ಕಟ್ಟಿದ. ಎರಡು ಕೊಡ ನೀರು ಹೊಯ್ದ. ಲೋಕಪ್ಪನವರು ಬಾಯಿ ಬಡಕೊಂಡರು. ಆದರೆ ಒಳಗಿನ ಸದ್ದು ಹೊರಗೆ ಹೋಗದಷ್ಟು ಎತ್ತರದ ಗೋಡೆ ಕಟ್ಟಿಸಿದವರು ಅವರೇ.

ಕಾದು ಕಾದು ಓಣಿಯವರು ಬಂದರು. ನೋಡಿದರು. ಜುಬೇದಾ ಬೀ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕರಿಬಸಮ್ಮ ನೆಲಕ್ಕೆ ಕುಸಿದಳು. "ಮುಗೀತು. ಇನ್ನು ಗುಜರಿಗೇ."

"ಮೊದಲು ನನ್ನ ತೆಗೀರಿ" ಅಂದರು ಲೋಕಪ್ಪನವರು. "ಒಬ್ಬೊಬ್ಬರ ಮೇಲೂ ಕೇಸು ಹಾಕ್ತೀನಿ."

ಹಾಲಮ್ಮ ಟೀಚರ್ ಮಾತ್ರ ಕನ್ನಡಕ ಒರೆಸಿ ಹಾಕಿಕೊಂಡು, ಕೆಳಗೆ ಬಿದ್ದಿದ್ದ ಮಹಜರು ಪುಸ್ತಕ, ಪೆನ್ನು ಎತ್ತಿ ಲೋಕಪ್ಪನವರ ಮುಂದೆ ಹಿಡಿದರು.

"ಮೊದಲು ಮಹಜರು ಬರೀರಿ ಸಾರ್. ಮಹಜರು ಅಂದರೆ ಸ್ಥಳದಲ್ಲಿ ಕಂಡದ್ದನ್ನ ಕಂಡ ಹಾಗೆ ಬರೆಯೋದು. ಐದು ಜನ ಪಂಚರು ಸಹಿ ಹಾಕ್ತೀವಿ. ನಕಲು ಪುರಸಭೆ ಗೋಡೆಗೆ ಅಂಟಿಸಬೇಕು, ಊರೆಲ್ಲ ಓದಬೇಕು. ನೆಲದಲ್ಲಿ ಒಂದು ಏನೋ ನಿಂತಿದೆ. ಅದು ಅಧಿಕಾರಿ ಅಂತ ಬರೀತೀರೋ, ಬೆಳೆ ಅಂತ ಬರೀತೀರೋ, ನಿಮಗೆ ಬಿಟ್ಟದ್ದು."

ಲೋಕಪ್ಪನವರು ಟೀಚರ್ ಮುಖ ನೋಡಿದರು. ನಮ್ಮ ಮುಖ ನೋಡಿದರು. ಒಬ್ಬರೂ ನಗುತ್ತಿರಲಿಲ್ಲ. ಆರುನೂರು ಕಡ್ಡಿ ಹೊತ್ತು ತಂದ ಮುಖಗಳು ಅವು.

ಪೆನ್ನು ತಗೊಂಡು ಬರೆದರು: 'ಸ್ಥಳ ಪರಿಶೀಲಿಸಲಾಗಿ, ಮೂರಡಿ ಎತ್ತರದ ಬೆಳೆ ಇರುವುದು ಕಂಡುಬಂದಿದೆ.'

"ಬೇರು ಬಿಟ್ಟಿದೆ ಅಂತ ಸೇರಿಸಿ" ಅಂದರು ಟೀಚರ್. ಸೇರಿಸಿದರು. 'ಜಾಗವನ್ನು ಐದು ವರ್ಷಕ್ಕೆ ಓಣಿಯವರಿಗೆ ಬಿಟ್ಟುಕೊಡಬಹುದು.' ಸಹಿ. ಐದನೆಯ ಪಂಚ ನಾನೇ. ನಂಬದವರು ಕಡತ ತೆಗೆಸಿ ನೋಡಲಿ.

"ನಮ್ಮದಾಯಿತಾ ಟೀಚರ್?" ಅಂತ ಕರಿಬಸಮ್ಮ ಕೂತಲ್ಲಿಂದಲೇ ಕೇಳಿದಳು.

"ಆಯಿತು. ನಿನ್ನ ಮಡಿ ಮೇಲೇ ಕೂತಿದ್ದೀಯ."

ಅವಳು ಒಂದು ಹಿಡಿ ಮಣ್ಣು ಎತ್ತಿ ಮೂಸಿದಳು. ಎದ್ದು ಮಗನ ಹತ್ತಿರ ಹೋದಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನ ಬೆನ್ನ ಮೇಲೆ ಕೈ ಇಟ್ಟು ಮೆತ್ತಗೆ ಮಾತಾಡಿದಳು.

"ತಿಪ್ಪಾ, ಇನ್ನು ನಾವು ಬೆಳೆಯೋರು. ಕೇಳಿ ಕಲಿತ್ಕೊ. ಬೆಳೆದದ್ದನ್ನ ಬೇರು ಮುರೀದ ಹಾಗೆ ಕೀಳಬೇಕು. ಮಣ್ಣು ಕೊಡವಬೇಕು. ಬಾಳೆನಾರಲ್ಲಿ ಬಿಗಿಯಾಗಿ ಕಟ್ಟಿ, ಒದ್ದೆ ಗೋಣಿ ಹೊದಿಸಿ, ಬಾಡೋಕೆ ಮುಂಚೆ ಓಣಿ ಓಣಿ ತಿರುಗಿ ಕೂಗಬೇಕು. ತಿಳೀತಾ? ಈಗ ಸಾಹೇಬರನ್ನ ಕಿತ್ತು ಕಳಿಸು, ನಾವು ಈ ಕಾಗದದ ನಕಲು ಮಾಡಿಸಿಕೊಂಡು ಬರ್ತೀವಿ."

ನಕಲು ಮಾಡಿಸಿ, ಚಹ ಕುಡಿದು ಎಲ್ಲರೂ ವಾಪಸ್ ಬರುವಾಗ ಮೇನ್ ರೋಡಿನ ಕಡೆಯಿಂದ ತಳ್ಳುಗಾಡಿಯ ಸದ್ದು ಕೇಳಿತು. ಜೊತೆಗೆ ತಿಪ್ಪೇಶನ ದನಿ, ನಿಧಾನ, ಉದ್ದ.

"ಪಂಪ್‌ಹೌಸಿಂದೂ... ಈಗ ಕಿತ್ತಿದ್ದೂ..."

ಒಬ್ಬ ಹೆಂಗಸು ಬಾಗಿಲಿಗೆ ಬಂದು, ಗೋಣಿಯ ಒಂದು ತುದಿ ಎತ್ತಿ, ಒಳಗೆ ಕಣ್ಣುಮಿಟುಕಿಸುತ್ತಿದ್ದ ಲೋಕಪ್ಪನವರ ಗದ್ದವನ್ನು ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಬಲಿತು ಹೋಗಿದೆಯಲ್ಲೋ. ಬೇರಾದರೂ ಇದೆಯಾ?"

ತಿಪ್ಪೇಶ ಗೋಣಿಯ ಇನ್ನೊಂದು ತುದಿ ಎತ್ತಿ ತೋರಿಸಿದ.

"ಎರಡೈತೆ ಕಣಕ್ಕ. ಮುರಿದಿಲ್ಲ. ಸಾಕ್ಸೂ ಐತೆ."