ಹೊಳಿ ಮಟ್ಟಿನ ಉಳಿದರ್ಧ

ಹೊಳೆ ದಂಡೆಯ ಆ ಮಠದಲ್ಲಿ ಇದ್ದವರು ಮೂರೇ ಜನ. ಕಿನ್ನರಿ ನುಡಿಸುವ ಸಂಗನಬಸಜ್ಜ, ಅವರ ಶಿಷ್ಯ ಅಡಿವೆಪ್ಪ, ರೊಟ್ಟಿ ಬಡಿಯುವ ಲಚ್ಚವ್ವ.

ಕಿನ್ನರಿ ಅಂದರೆ ನೋಡಲು ಏನು ಮಹಾ. ಒಂದು ಬಿದಿರ ಕೋಲು, ಕೆಳಗೆ ಮೂರು ಸೋರೆಬುರುಡೆ, ಮೇಲೆ ಎರಡು ತಂತಿ. ಆದರೆ ಅಜ್ಜ ಅದನ್ನು ಎದೆಗೆ ಆನಿಸಿಕೊಂಡು ಮೀಟಿದರೆ ಹೊಳೆಯಾಚೆಯವರು ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದರು.

ಅಡಿವೆಪ್ಪ ಮೊದಲು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಪೇಟಿ ಬಾರಿಸುತ್ತಿದ್ದವ. ಕಂಪನಿ ಮುಚ್ಚಿದ ಮೇಲೆ ತಿರುಗುತ್ತ ಈ ಕಡೆ ಬಂದ, ಅಜ್ಜನ ಕಿನ್ನರಿ ಕೇಳಿದ, ಅಲ್ಲೇ ಉಳಿದುಬಿಟ್ಟ. ಬೆರಳು ಚುರುಕು, ಕಿವಿ ಇನ್ನೂ ಚುರುಕು. ಕಂಪನಿಯಿಂದ ಬಂದ ಒಂದು ಚಾಳಿ ಮಾತ್ರ ಬಿಟ್ಟಿರಲಿಲ್ಲ. ವಾದ್ಯ ಹಿಡಿದನೆಂದರೆ ಸುತ್ತಮುತ್ತ ಯಾರೂ ಪಿಟ್ ಎನ್ನಬಾರದು. ಅಡಿಗೆಮನೆಯಲ್ಲಿ ಲಚ್ಚವ್ವ ಏನಾದರೂ ಗುನುಗಿದರೆ, ಸ್ವಲ್ಪ ಸುಮ್ಮನಿರವ್ವಾ ಅನ್ನುವನು. ಆಕೆ ಪಾಪ, ಸುಮ್ಮನಾಗುವಳು.

ಮಠದಲ್ಲಿ ಒಂದು ಪದ್ಧತಿ ಇತ್ತು. ಹನ್ನೆರಡು ವರ್ಷಕ್ಕೊಮ್ಮೆ ಮೂಲಗುರುವಿನ ಪಾದುಕೆಯನ್ನು ಹೊಳೆಗೆ ಒಯ್ದು ತೊಳೆದು ತರಬೇಕು. ಬರುವಾಗ ಮುಂದೆ ಕಿನ್ನರಿ ನಡೆಯಬೇಕು, ನುಡಿಸುವುದು ಹೊಳಿ ಮಟ್ಟು ಎಂಬ ಧಾಟಿ. ಮಟ್ಟು ಪೂರ್ತಿ ಮುಗಿಯದೆ ಪಾದುಕೆ ಹೊಸ್ತಿಲು ದಾಟುವ ಹಾಗಿಲ್ಲ.

ಈ ಸಲ ಅಜ್ಜನ ಕಾಲು ಸೋತಿತ್ತು. ನಡೆಯಬೇಕಾದವನು ಅಡಿವೆಪ್ಪ.

ಮೂರು ವರ್ಷದಿಂದ ಅಜ್ಜ ಆ ಮಟ್ಟನ್ನು ಹೇಳಿಕೊಡುತ್ತಲೇ ಇದ್ದರು. ಏರುತ್ತ ಏರುತ್ತ ಒಂದು ತಿರುವಿಗೆ ಬರುವರು, ತಂತಿಯಿಂದ ಬೆರಳು ಎತ್ತುವರು, ಅಡಿವೆಪ್ಪನ ಮುಖ ನೋಡುತ್ತ ಕೂರುವರು. ಅಡಿವೆಪ್ಪ ಅವರ ಮುಖ ನೋಡುವನು. ಸ್ವಲ್ಪ ಹೊತ್ತಿಗೆ ಅಜ್ಜ ಕಿನ್ನರಿಯನ್ನು ಗೂಟಕ್ಕೆ ತೂಗುಹಾಕುವರು.

ಪಾದುಕೆ ಹೊರಡಲು ಎರಡು ತಿಂಗಳು ಉಳಿದಾಗ ಅಡಿವೆಪ್ಪನಿಗೆ ತಡೆಯಲಾಗಲಿಲ್ಲ.

"ಅಜ್ಜಾರ, ಮುಂದಿಂದು ಯಾವಾಗ ಹೇಳಿಕೊಡತೀರಿ?"

"ಮುಂದಿಂದು ನನ್ನ ಕೈಯಾಗ ಇಲ್ಲೋ ತಮ್ಮಾ."

ಗರಡಿಯ ವಸ್ತಾದ ಒಂದು ಪಟ್ಟನ್ನು ತನ್ನಲ್ಲೇ ಇಟ್ಟುಕೊಂಡು ಉಳಿದದ್ದನ್ನೆಲ್ಲ ಕಲಿಸುತ್ತಾನೆ ಎಂದು ಅಡಿವೆಪ್ಪ ಕೇಳಿದ್ದ. ಅಜ್ಜನೂ ಅದೇ ಜಾತಿಯವರೇ ಅನ್ನಿಸಿ ದುಃಖವೂ ಆಯಿತು, ಸಿಟ್ಟೂ ಬಂತು. ಇವರು ಕೊಡದಿದ್ದರೆ ಕೊಡುವವರು ಬೇರೆ ಇದ್ದಾರೆ ಎಂದುಕೊಂಡ.

ಹಿಡಿದ ಹಟ ಬಿಡುವ ಆಸಾಮಿಯಲ್ಲ. ಪರಿಚಯದವರಿಂದ ಒಂದು ಟೇಪ್ ರೆಕಾರ್ಡರ್ ಇಸಿದುಕೊಂಡ. ಹೊಳೆಯ ಮೇಲೂ ಕೆಳಗೂ ಕಿನ್ನರಿ ಹಿಡಿಯುವ ಮುದುಕರು ಎಲ್ಲೆಲ್ಲಿ ಉಳಿದಿದ್ದಾರೆ ಎಂದು ಕೇಳಿಕೊಂಡು ಹೊರಟ. ಹೋಗಿ ಬರಲೇ ಅಂದಾಗ ಅಜ್ಜ ಬೇಡ ಅನ್ನಲಿಲ್ಲ. ಲಚ್ಚವ್ವ ನಾಲ್ಕು ರೊಟ್ಟಿ ಕಟ್ಟಿಕೊಟ್ಟಳು.

ಹೋದ ಊರಲ್ಲೆಲ್ಲ ಜನ ಒಳ್ಳೆಯವರೇ ಸಿಕ್ಕರು. ಕಿನ್ನರಿ ಹೊರಗೆ ಬಂತೆಂದರೆ ಸಾಕು, ನೆರೆಮನೆಯವರೂ ಬಂದು ಕಟ್ಟೆ ತುಂಬ ಕೂರುವರು. ಅಡಿವೆಪ್ಪ ಮೊದಲು ಅವರಿಗೆ ಕೈಮುಗಿದು, ಯಾರೂ ಬಾಯಿ ಬಿಡಬಾರದು, ಟೇಪ್ ಕೆಡುತ್ತದೆ ಎಂದು ಹೇಳುವನು. ಆಮೇಲೆ ಗುಂಡಿ ಒತ್ತುವನು.

ಮುದುಕರು ನುಡಿಸುವರು. ಒಬ್ಬರದು ನಿಧಾನ, ಒಬ್ಬರದು ಅವಸರ. ಅದೇ ತಿರುವಿಗೆ ಬರುವರು, ಬೆರಳು ಎತ್ತುವರು, ಸುತ್ತ ಕೂತವರನ್ನು ನೋಡುವರು. ಸುತ್ತ ಕೂತವರು ಟೇಪ್ ರೆಕಾರ್ಡರನ್ನು ನೋಡುವರು. ಒಂದೂರಲ್ಲಿ ಮುದುಕಿಯೊಬ್ಬಳು ಬಾಯಿ ತೆರೆದಳು. ಅಡಿವೆಪ್ಪ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಮುಂದೇನು ಎಂದು ಕೇಳಿದರೆ ಆ ಮುದುಕರದ್ದೂ ಅದೇ ಪಾಠ. ಮುಂದಿನದು ನಮ್ಮದಲ್ಲ ಅನ್ನುವರು. ಹಾಗಾದರೆ ಅದು ಬೇರೆ ಯಾವುದೋ ಮನೆತನದ್ದಿರಬೇಕು ಎಂದು ಅಡಿವೆಪ್ಪ ಮುಂದಿನ ಊರಿನ ದಾರಿ ಹಿಡಿಯುವನು. ವಹಿಯಲ್ಲಿ ಮಾತ್ರ, ಇವರಿಗೂ ಮರೆತಿದೆ ಎಂದು ಬರೆದಿಡುವನು.

ಪಾದುಕೆ ಹೊರಡಲು ಎಂಟು ದಿನ ಇರುವಾಗ ಹಿಂದಿರುಗಿದ. ಚೀಲದಲ್ಲಿ ಹನ್ನೊಂದು ಕ್ಯಾಸೆಟ್ಟು, ಒಂದು ವಹಿ. ಕಾಲಲ್ಲಿ ಬೊಬ್ಬೆ. ಅಜ್ಜನ ಮುಂದೆ ಚೀಲ ಸುರಿದು, ಹೊಳೆ ಉದ್ದಕ್ಕೂ ಈ ಮಟ್ಟು ಅರ್ಧ ಸತ್ತುಹೋಗಿದೆ ಅಂದ. ಪಾದುಕೆ ನನ್ನ ಕೈಯಲ್ಲಿ ಬಾಗಿಲ ಹೊರಗೇ ನಿಲ್ಲುತ್ತದೆ ಎಂದು ತಲೆ ಮೇಲೆ ಕೈ ಹೊತ್ತು ಕೂತ.

ಅಜ್ಜ ಹಾಕು ಅಂದರು. ಹನ್ನೊಂದನ್ನೂ ಕಣ್ಣು ಮುಚ್ಚಿ ಕೇಳಿದರು. ಪ್ರತಿಯೊಂದರಲ್ಲೂ ಮೊದಲು ಅಡಿವೆಪ್ಪನ ದನಿ, ಯಾರೂ ಬಾಯಿ ಬಿಡಬ್ಯಾಡ್ರಿ. ಆಮೇಲೆ ಕಿನ್ನರಿ. ಆಮೇಲೆ ಏನೂ ಇಲ್ಲ.

"ಹನ್ನೊಂದು ಮಂದಿ ಒಂದ ಜಾಗಾದಾಗ ಮರತಾರೇನು?" ಅಜ್ಜ ಕೇಳಿದರು.

ಅಡಿವೆಪ್ಪ ತಲೆ ಮೇಲಿನ ಕೈ ತೆಗೆದ. ಅದು ಅವನಿಗೂ ಈಗಲೇ ಹೊಳೆದದ್ದು.

ಅಜ್ಜ ಲಚ್ಚವ್ವನನ್ನು ಕರೆದರು. ಆಕೆ ಕೈತುಂಬ ಜೋಳದ ಹಿಟ್ಟು ಹಚ್ಚಿಕೊಂಡೇ ಬಂದಳು. ಇಲ್ಲೇ ಕೂತು ಬಡಿ ಅಂದರು. ಆಕೆ ಹಿಟ್ಟು ನಾದುವ ಕೊಣಮಿಗೆ ತಂದು ಕೂತು ರೊಟ್ಟಿ ಬಡಿಯತೊಡಗಿದಳು. ಅಡಿವೆಪ್ಪನಿಗೆ ಕಿನ್ನರಿ ಕೊಟ್ಟು ನುಡಿಸು ಅಂದರು.

ರೊಟ್ಟಿಯ ಸಪ್ಪಳದಲ್ಲಿ ನುಡಿಸುವುದು ಅವನಿಗೆ ಮುಳ್ಳಿನ ಮೇಲೆ ಕೂತಂತಾಯಿತು. ಆದರೂ ನುಡಿಸಿದ. ತಿರುವಿಗೆ ಬಂದ, ಎಂದಿನಂತೆ ನಿಂತುಹೋದ.

ಲಚ್ಚವ್ವನ ಕೈಯೂ ನಿಂತಿತು. ಆಕೆ ಅಂಜುತ್ತ ಅಡಿವೆಪ್ಪನನ್ನು ನೋಡಿದಳು.

"ನಾ ಸುಮ್ಮಕ ಇರಲೇನ್ರಿ ಮಾಸ್ತರ?"

ಅಡಿವೆಪ್ಪ ಬೇಡ ಎಂದು ತಲೆಯಾಡಿಸಿದ.

ಲಚ್ಚವ್ವ ಹಾಡಿದಳು, ಅಡಿಗೆಮನೆಯಲ್ಲಿ ಗುನುಗುತ್ತಿದ್ದುದನ್ನೇ. ದನಿ ದಪ್ಪ, ಅಷ್ಟೇನೂ ಇಂಪಲ್ಲ. ಆದರೆ ಆ ತಿರುವಿನಿಂದ ಮಟ್ಟು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು ಬಂತು, ಕಿನ್ನರಿ ಎಲ್ಲಿಂದ ಹೊರಟಿತ್ತೋ ಅಲ್ಲಿಗೇ ಬಂದು ಮುಟ್ಟಿತು. ಹಾಡಿ ಮುಗಿಸಿ ಆಕೆ ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು.

ಆ ತಿರುವಿನಿಂದ ಕೊನೆಯವರೆಗೆ ಹಾಡುವುದು ಜನರ ಪಾಲು ಎಂದು ಹೊಳೆ ದಂಡೆಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಯಾರೂ ಅದನ್ನು ಯಾರಿಗೂ ಬಾಯಿಬಿಟ್ಟು ಹೇಳಿದ್ದಿಲ್ಲ.

ಪಾದುಕೆಯ ದಿನ ಬೆಳಿಗ್ಗೆ ಅಡಿವೆಪ್ಪ ಮುಂದೆ ನಡೆದ. ಹಿಂದೆ ಊರು ಊರೇ ಇತ್ತು. ಕೂಸುಗಳು ಅಳುತ್ತಿದ್ದವು, ಯಾರೋ ಕೆಮ್ಮುತ್ತಿದ್ದರು. ಅವನು ಯಾರಿಗೂ ಸುಮ್ಮನಿರಿ ಅನ್ನಲಿಲ್ಲ. ಹೊಸ್ತಿಲ ಮುಂದೆ ತಿರುವಿಗೆ ಬಂದ. ತಂತಿಯಿಂದ ಬೆರಳೆತ್ತಿದ, ಹಿಂದಿರುಗಿ ಜನರ ಮುಖ ನೋಡಿದ.

ಊರು ಹಾಡಿತು. ಪಾದುಕೆ ಹೊಸ್ತಿಲು ದಾಟಿತು.

ಜನ ಪ್ರಸಾದಕ್ಕೆ ಕೂತ ಮೇಲೆ ಅಡಿವೆಪ್ಪ ಅಜ್ಜನ ಹತ್ತಿರ ಬಂದು ಪಾದ ಮುಟ್ಟಿದ. ನಿಮ್ಮ ಮೇಲೆ ಸಂಶಯಪಟ್ಟೆ, ಮುಚ್ಚಿಟ್ಟುಕೊಂಡಿದ್ದೀರಿ ಅಂದುಕೊಂಡೆ, ತಪ್ಪಾಯಿತು ಅಂದ. ಅಜ್ಜ ಎದ್ದೇಳು ಅಂದರು. ಅವನು ಏಳಲಿಲ್ಲ.

"ಖರೇ ಅಜ್ಜಾರ, ಮೂರು ವರ್ಷ ನನಗ ಯಾಕ ಹೇಳಲಿಲ್ಲ?"

ಅಜ್ಜ ಅವನ ತಲೆಯ ಮೇಲೆ ಕೈಯಿಟ್ಟರು.

"ದಿನಾ ಅಲ್ಲಿ ತನಕ ಬಂದು ನಿಲ್ಲತಿದ್ನಲ್ಲೋ ತಮ್ಮಾ. ನೀ ಹಾಡತಿ ಅಂತ."