ಕಾಶವ್ವ ಕಲಿಸಿದ ಕೌದಿ

ಬಾಗಲಕೋಟೆ ಕಡೆಯ ಒಂದು ಊರಲ್ಲಿ ಕಾಶವ್ವ ಅನ್ನುವ ಹೆಂಗಸು ಇದ್ದಳು. ಹಳೇ ಸೀರೆ, ಹಳೇ ಧೋತರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ ಕೌದಿ ಹೊಲಿಯುವುದು ಅವಳ ಕೆಲಸ. ನಲವತ್ತು ವರ್ಷದಿಂದ ಹೊಲಿಯುತ್ತಿದ್ದಳು. ಅವಳ ಓಣಿಯಲ್ಲಿ ಯಾರ ಮನೆಯಲ್ಲೇ ಕೂಸು ಹುಟ್ಟಲಿ, ತೊಟ್ಟಿಲಲ್ಲಿ ಮಲಗುವುದು ಕಾಶವ್ವನ ಕೌದಿಯ ಮೇಲೆಯೇ. ಊರಲ್ಲಿ ಕಾಶವ್ವ ಅನ್ನುವವರು ನಾಲ್ಕು ಜನ. "ಕೌದಿ ಕಾಶವ್ವ" ಅಂದರೆ ಮಾತ್ರ ಇವಳೊಬ್ಬಳೇ. ಅವಳ ಅಡುಗೆ ಅಷ್ಟಕ್ಕಷ್ಟೇ, ಹಾಡು ಬರುತ್ತಿರಲಿಲ್ಲ, ಮಾತೂ ಒರಟು. ಹೆಸರು ಅಂತ ಇದ್ದದ್ದು ಇದೊಂದೇ.

ಅದೇ ಓಣಿಯಲ್ಲಿ ಚಂಪವ್ವ ಇದ್ದಳು. ಇವಳಿಗೆ ಕೈಕೆಲಸದ ಹುಚ್ಚು. ಎಂಟು ವರ್ಷದವಳಿದ್ದಾಗಲೇ ಜೋಳದ ದಂಟಿನಲ್ಲಿ ಬಂಡಿ ಮಾಡಿ ಓಣಿಯ ಹುಡುಗರಿಗೆಲ್ಲ ಹಂಚಿದ್ದಳು. ಆಮೇಲೆ ಮಣಿ ತೋರಣ ಕಲಿತಳು, ಕಸೂತಿ ಕಲಿತಳು, ಉಲ್ಲನ್ ಟೋಪಿ ಹೆಣೆದಳು, ಈಚಲ ಗರಿಯಲ್ಲಿ ಚಾಪೆ ಮಾಡಿದಳು. ಕಂಡದ್ದನ್ನೆಲ್ಲ ಮಾಡಿ ನೋಡಬೇಕು ಅವಳಿಗೆ. ಐವತ್ತೈದು ದಾಟಿದ ಮೇಲೆ, ಮಗಳು ಚೊಚ್ಚಲ ಬಸುರಿ ಅಂತ ಗೊತ್ತಾಯಿತು. ಕೂಸಿಗೆ ತನ್ನ ಕೈಯದೇ ಕೌದಿ ಹಾಸಬೇಕು ಅಂತ ಆಸೆಯಾಯಿತು. ನೆಟ್ಟಗೆ ಕಾಶವ್ವನ ಕಟ್ಟೆಗೆ ಬಂದಳು.

"ಕಾಶಕ್ಕಾ, ನನಗ ಕೌದಿ ಹೊಲಿಯಾಕ ಕಲಸ್ತಿಯೇನು?"

ಕಾಶವ್ವನಿಗೆ ಒಳಗೊಳಗೇ ಹಿಗ್ಗು. ಇಷ್ಟೆಲ್ಲ ಬಲ್ಲವಳು ತನ್ನ ಹತ್ತಿರ ಕೇಳಿಕೊಂಡು ಬಂದಿದ್ದಾಳೆ. "ಕೂಡು. ಮೊದಲ ಸೂಜಿ ಹ್ಯಾಂಗ ಹಿಡೀಬೇಕು ನೋಡು," ಅಂದಳು, ಚಂಪವ್ವ ಹುಟ್ಟಿದಾಗಿನಿಂದ ಸೂಜಿಯನ್ನೇ ಕಂಡಿಲ್ಲ ಅನ್ನುವ ಹಾಗೆ.

ಆ ಹಿಗ್ಗು ಎಂಟು ದಿನ ಇತ್ತು. ಅಷ್ಟರಲ್ಲಿ ಚಂಪವ್ವನ ಹೊಲಿಗೆ ಇರುವೆ ಸಾಲಿನ ಹಾಗೆ ನೇರ ಬರತೊಡಗಿತು. ಕಾಶವ್ವನಿಗೆ ಆ ನೇರ ಕೂಡಲು ಆರು ವರ್ಷ ಹಿಡಿದಿತ್ತು. ಬಣ್ಣ ಕೂಡಿಸುವುದಂತೂ ಕಲಿಸುವ ಹಾಗೇ ಇರಲಿಲ್ಲ. ಹಳದಿಯ ಪಕ್ಕ ಏನಿಡಬೇಕು ಅಂತ ಕಾಶವ್ವ ಯೋಚಿಸುವುದರೊಳಗೆ ಚಂಪವ್ವನ ಕೈ ಇಟ್ಟಾಗಿರುತ್ತಿತ್ತು. ಅದನ್ನೂ ತಡೆದುಕೊಳ್ಳಬಹುದಿತ್ತು. ಆದರೆ ಹಾಲು ಹಾಕುವ ಸಿದ್ದವ್ವ ಕಟ್ಟೆಯ ಮುಂದೆ ನಿಂತು, "ಕಾಶವ್ವಾ, ನಿನ್ನ ಶಿಷ್ಯೆ ನಿನ್ನ ಮೀರಿಸ್ತಾಳ ನೋಡು," ಅಂದುಬಿಟ್ಟಳು. ಇಂಥ ಮಾತು ಆಡುವವರು ಆಡಿ ಮುಂದಿನ ಮನೆಗೆ ಹೋಗುತ್ತಾರೆ. ಕೇಳಿಸಿಕೊಂಡವರ ಗತಿ ಏನು ಅಂತ ತಿರುಗಿ ನೋಡುವುದಿಲ್ಲ.

ಅಂದು ಕಾಶವ್ವ ರೊಟ್ಟಿ ಮುರಿದಳು, ಹಾಗೇ ಬಿಟ್ಟಳು. ಹೊಟ್ಟೆ ತುಂಬ ಉರಿಯೇ ಇರುವಾಗ ರೊಟ್ಟಿಗೆ ಜಾಗ ಎಲ್ಲಿ?

"ತೋರಣ ಅಕೀದು, ಕಸೂತಿ ಅಕೀದು. ಮದುವಿ ಮನ್ಯಾಗ ರಂಗೋಲಿ ಹಾಕಾಕ ಅಕೀನ ಬೇಕು. ಇಷ್ಟೆಲ್ಲಾ ಇದ್ದಾಕಿ ನನ್ನ ಒಂದು ಕೌದಿಗೂ ಕಣ್ಣು ಹಾಕಬೇಕೇನು?" ಅಂತ ಗೋಡೆಗೆ ಹೇಳಿದಳು. ಗೋಡೆ ಪಾಪ ಏನು ಹೇಳೀತು. ಓಣಿಯಲ್ಲಿ ತನ್ನ ಕೌದಿ ಇಲ್ಲದ ಮೊದಲ ತೊಟ್ಟಿಲು ಚಂಪವ್ವನ ಮನೆಯದು. ನಾಳೆ ಇನ್ನೊಂದು ಮನೆಯದು. ನಾಡಿದ್ದು ಊರವರು "ಕೌದಿ ಚಂಪವ್ವ" ಅನ್ನುತ್ತಾರೆ. ಹೊಟ್ಟೆಕಿಚ್ಚಿಗೆ ಮುಂದಿನದೆಲ್ಲ ಮೊದಲೇ ಕಾಣುತ್ತದೆ ನೋಡಿ.

ಮರುದಿನ ಚಂಪವ್ವ ಒಂದು ಗಂಟು ಹೊತ್ತು ತಂದಳು. ಅದರ ತುಂಬ ಖಣಗಳು. ನಮ್ಮ ಕಡೆ ಮುತ್ತೈದೆಗೆ ಉಡಿ ತುಂಬುವಾಗ ಕುಬಸಕ್ಕೆ, ಅಂದರೆ ರವಿಕೆಗೆ, ಅಂತ ಖಣದ ಬಟ್ಟೆ ಕೊಡುತ್ತಾರೆ. ಚಂಪವ್ವ ಅವನ್ನು ಹೊಲಿಸದೆ, ಮಡಿಕೆ ಬಿಚ್ಚದೆ, ಮೂವತ್ತು ವರ್ಷ ಟ್ರಂಕಿನಲ್ಲಿ ಕೂಡಿಟ್ಟಿದ್ದಳು.

"ಇದು ನಮ್ಮವ್ವ ಕಡೀ ಸಲ ಉಡಿ ತುಂಬಿದ್ದು. ಇದು ತೀರಿಕೊಂಡ ನಮ್ಮಕ್ಕಂದು. ಇವರ್‍ಯಾರೂ ಕೂಸಿನ್ನ ಎತ್ತಿ ಆಡಸಾಕ ಇಲ್ಲ. ಅವರ ಖಣರೆ ಕೂಸಿನ ಮೈಗೆ ತಾಗಲಿ," ಅಂದಳು. ಕೆಳಗೆ ಹಾಸಲು ಗಂಡನ ಬಿಳೀ ಧೋತರ ತಂದಿದ್ದಳು. ಆಮೇಲೆ ಅವ್ವನ ಕೆಂಪು ಖಣ ಕೈಯಲ್ಲಿ ಹಿಡಿದು ಕೇಳಿದಳು:

"ಅಕ್ಕಾ, ಇವು ಒಂದ್ಸಲನೂ ನೀರು ಕಂಡಿಲ್ಲ. ಬಣ್ಣ ಬಿಟ್ಟಾವು. ಮೊದಲ ಉಪ್ಪುನೀರಾಗ ನೆನಿಸಲೇನು?"

ನೆನೆಸಲೇಬೇಕು. ಹೊಸ ಅರಿವೆಯನ್ನು ತೊಳೆಯದೆ ಹಳೆಯದರ ಜೊತೆ ಸೇರಿಸಬಾರದು ಅನ್ನುವುದು ಕೌದಿಯ ಮೊದಲ ಪಾಠ. "ಹೂಂ" ಅನ್ನುವುದು ಎಷ್ಟು ಹೊತ್ತಿನ ಕೆಲಸ? ಕಾಶವ್ವ ಬಾಯಿ ತೆರೆದಳು. ಸಿದ್ದವ್ವನ ಮಾತು ನೆನಪಾಯಿತು.

"ಬ್ಯಾಡ," ಅಂದಳು. "ನೀರು ಮುಟ್ಟಿಸಿದರ ಖಣದ ಹೊಳಪು ಹೋಗತೈತಿ. ಹಂಗ ಹೊಲಿ."

ಚಂಪವ್ವ ಅರಿವೆ ಬಲ್ಲವಳು. ಒಂದು ಗಳಿಗೆ ಅನುಮಾನಿಸಿದಳು. ಆಮೇಲೆ, "ನೀ ಹೇಳಿದ ಮ್ಯಾಲ ಮುಗೀತು," ಅಂದು ಕತ್ತರಿ ತಗೊಂಡಳು.

ಎರಡು ತಿಂಗಳು ಹೊಲಿದಳು. ಕಾಶವ್ವ ದಿನಾ ನೋಡಿದಳು. ಈಗಲಾದರೂ ಹೇಳಿಬಿಡೋಣ ಅಂತ ಒಂದೆರಡು ಸಲ ಅನ್ನಿಸಿದ್ದೂ ಹೌದು. ಆದರೆ ಹೋಗುವವರು ಬರುವವರು ನಿಂತು ಕೌದಿಯನ್ನು ಹೊಗಳಿದಾಗಲೆಲ್ಲ ಆ ಮಾತು ಗಂಟಲಿಂದ ವಾಪಸ್ ಹೊಟ್ಟೆಗಿಳಿಯುತ್ತಿತ್ತು.

ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಸುವ ಮುಂಚೆ ಕೌದಿ ಒಗೆಯಬೇಕಲ್ಲ, ಚಂಪವ್ವ ಹಿತ್ತಲ ಬಂಡೆಯ ಮೇಲೆ ಹಾಸಿ ನೀರು ಹಾಕಿದಳು. ಕೆಂಪು ಹರಿಯಿತು. ಹಸಿರು ಹಳದಿಗೆ ಇಳಿಯಿತು, ಎಲ್ಲವೂ ಸೇರಿ ಬಿಳೀ ಧೋತರಕ್ಕೆ ಇಳಿಯಿತು. ಖಣಗಳು ಕುಗ್ಗಿ ಹೊಲಿಗೆ ಜಗ್ಗಿ, ಕೌದಿ ಮುದ್ದೆಯಾಯಿತು. ಅವ್ವನದು ಯಾವುದು, ಅಕ್ಕನದು ಯಾವುದು ಅಂತ ಗುರುತೇ ಸಿಗಲಿಲ್ಲ.

ಓಣಿಯ ಹೆಂಗಸರು ಸೇರಿದರು. ಕಾಶವ್ವನೂ ಬಂದಳು. ಸುಳ್ಳು ಯಾಕೆ ಹೇಳಲಿ, ನೋಡಿದ ಕೂಡಲೇ ಅವಳಿಗೆ ಆದದ್ದು ಖುಷಿಯೇ. ಅಷ್ಟರಲ್ಲಿ ಯಾರೋ, "ಕಾಶವ್ವ ಸರಿ ಕಲಿಸಲಿಲ್ಲೇನು?" ಅಂದರು.

ಚಂಪವ್ವ ಅಳುತ್ತಲೇ ತಲೆ ಅಲ್ಲಾಡಿಸಿದಳು. "ಅಕ್ಕನ್ನ ಅನಬ್ಯಾಡ್ರಿ. ಕುಣಿಯಾಕ ಬರಲಾರದಾಕಿ ನೆಲ ಡೊಂಕು ಅಂದಂಗ ಆಗತೈತಿ. ಆಕಿ ನೆಟ್ಟಗ ಕಲಿಸ್ಯಾಳ. ನಲವತ್ತು ವರ್ಷದಾಗ ಆಕಿ ಹೊಲಿದ ಕೌದಿ ಒಂದರೆ ಬಣ್ಣ ಬಿಟ್ಟೈತೇನು? ನನ್ನ ಕೈಯಾಗ ಗುಣ ಇಲ್ಲ."

ಆಮೇಲೆ ಒಳಗೆ ಹೋಗಿ ಸೂಜಿ ದಾರದ ಡಬ್ಬಿ ತಂದು ಕಾಶವ್ವನ ಕೈಗಿಟ್ಟಳು. "ಇದನ್ನ ನೀನ ಇಟ್ಕೋ ಅಕ್ಕಾ. ನಾ ಇನ್ನ ಸೂಜಿ ಹಿಡಿಯಂಗಿಲ್ಲ. ಕೂಸಿಗೆ ನಿನ್ನ ಕೈದ ಒಂದು ಕೌದಿ ಕೊಡು."

ಕಾಶವ್ವ ಗೆದ್ದಳು. ಆ ತೊಟ್ಟಿಲಲ್ಲೂ ಅವಳದೇ ಕೌದಿ. ಆದರೆ ಅವತ್ತಿನಿಂದ ಚಂಪವ್ವ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ತನ್ನ ಮನೆಯ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಯಾರಾದರೂ ಬಾಗಿಲಿಗೆ ತೋರಣ ಕೇಳಿದರೆ, "ನನ್ನ ಕೈ ಛಲೋ ಇಲ್ಲವ್ವಾ, ಬ್ಯಾರೆ ಯಾರನ್ನರೆ ಕೇಳ್ರಿ," ಅನ್ನುತ್ತಿದ್ದಳು. ಅವಳು ಬೈದಿದ್ದರೆ ಕಾಶವ್ವ ತಿರುಗಿ ಬೈಯುತ್ತಿದ್ದಳು. ಬೈಗುಳಕ್ಕೇನು, ಅವಳ ಬಾಯಲ್ಲಿ ಬರ ಇರಲಿಲ್ಲ. ಚಂಪವ್ವ ಬೈಯಲೇ ಇಲ್ಲ.

ಇಪ್ಪತ್ತು ದಿನ ತಡೆದಳು. ಆಮೇಲೆ ಡಬ್ಬಿ ತಗೊಂಡು ಚಂಪವ್ವನ ಮನೆಗೆ ಹೋದಳು. ನಿಂತೇ ಹೇಳಿದಳು. "ಬಣ್ಣ ಬಿಡತೈತಿ ಅಂತ ನನಗ ಗೊತ್ತಿತ್ತು. ಬೇಕಂತನ ಬ್ಯಾಡ ಅಂದೆ. ನಿನ್ನ ಹೊಲಿಗಿ ನೋಡಿ ನನಗ ಹೊಟ್ಟಿಕಿಚ್ಚಾತು."

ಚಂಪವ್ವ ತನ್ನ ಕೈಗಳನ್ನು ನೋಡಿಕೊಂಡಳು.

"ಹಂಗಾರ, ನನ್ನ ಕೈ ಛಲೋ ಐತೇನು?"

"ಛಲೋ ಐತಿ. ನನ್ನ ಕೈಗಿಂತ ಛಲೋ ಐತಿ."

"ಈ ಮಾತು ಅವತ್ತ ಅಂದಿದ್ದರ, ನಮ್ಮವ್ವನ ಖಣ ಉಳೀತಿತ್ತಲ್ಲ ಅಕ್ಕಾ."

ಇಷ್ಟೇ ಅಂದಳು. ಡಬ್ಬಿ ತಗೊಂಡಳು. ಮರುವಾರದಿಂದ ಮತ್ತೆ ಹೊಲಿಯತೊಡಗಿದಳು. ಜಗಳ ಆಡಲಿಲ್ಲ, ಓಣಿಯಲ್ಲಿ ಹೇಳಿಕೊಂಡು ತಿರುಗಲೂ ಇಲ್ಲ. ಕಾಶವ್ವ ಎದುರು ಬಂದರೆ, "ಬಾ ಅಕ್ಕಾ, ಚಾ ಕುಡೀ ಬಾ," ಅಂತ ಕರೆಯುತ್ತಿದ್ದಳು. ಕಾಶವ್ವ ಹೋಗಿ ಪಕ್ಕದಲ್ಲಿ ಕೂಡುತ್ತಿದ್ದಳು. ಎದುರಿಗೆ ಅರ್ಧ ಹೊಲಿದ ಕೌದಿ ಹರಡಿರುತ್ತಿತ್ತು. ಚಂಪವ್ವ ಮಳೆಯ ಮಾತಾಡುತ್ತಿದ್ದಳು, ಕೂಸಿನ ಹಲ್ಲಿನ ಮಾತಾಡುತ್ತಿದ್ದಳು. ಕೌದಿಯ ಬಗ್ಗೆ ಮಾತ್ರ ಒಂದು ಪ್ರಶ್ನೆಯನ್ನೂ ಆಮೇಲೆ ಎಂದೂ ಕೇಳಲಿಲ್ಲ.

ನೀತಿ: ಇನ್ನೊಬ್ಬರ ಕೈಗುಣ ಕಂಡು ಹೊಟ್ಟೆ ಉರಿದರೆ, "ನಿನ್ನ ಕೆಲಸ ಚೆನ್ನಾಗಿದೆ" ಅಂತ ಬಾಯಿಬಿಟ್ಟು ಹೇಳಿಬಿಡಿ, ಉರಿ ಅಲ್ಲೇ ತಣ್ಣಗಾಗುತ್ತದೆ. ನಂಬಿ ಕೇಳಿದವರಿಗೆ ತಪ್ಪು ಕಲಿಸಿದರೆ, ಅವರು ಕ್ಷಮಿಸಿಯಾರು. ಮತ್ತೊಮ್ಮೆ ಕೇಳಲಾರರು.